ಸ್ಕಾರ್ಫಿಗೆ ಸೂಜಿ ಮುಟ್ಟಿಸಬ್ಯಾಡ್ರಿ

ಆಗಸ್ಟ್ 15ಕ್ಕ ನಮ್ಮ ಓಣಿ ಶಾಲಿಯವರು ಧ್ವಜಾರೋಹಣಕ್ಕ ಕರದಿದ್ರು. ಸ್ಕೌಟ್ಸ್ ಹುಡುಗರು ಸಾಲಾಗಿ ನಿಂತಿದ್ರು. ನನ್ನ ಕಣ್ಣು ಧ್ವಜದ ಮ್ಯಾಲೆ ಇರಬೇಕಾಗಿತ್ತು, ಖರೇ. ಆದ್ರ ಹೋಗಿದ್ದು ಹುಡುಗರ ಕೊರಳಿಗೆ. ಒಬ್ಬಂದು ಸ್ಕಾರ್ಫ್ ಹೊಲದಿಂದ ಬಂದವರ ಟವೆಲ್ ಹಂಗ ಹೆಗಲ ಮ್ಯಾಲೆ ಇಳಿಬಿದ್ದಿತ್ತು. ಇನ್ನೊಬ್ಬಂದು ಹಗ್ಗದಂಗ ಹುರಿಗೊಂಡಿತ್ತು. ಮೂರನೇ ಹುಡುಗಂದು ಭಾಳ ಚಂದ ಐತಲ್ಲ ಅಂತ ಸನೇಕ ಹೋಗಿ ನೋಡಿದ್ರ, ಅವರವ್ವ ಸುತ್ತಿದ ಸ್ಕಾರ್ಫಿಗೆ ಉದ್ದಕ್ಕ ಹೊಲಿಗಿ ಹಾಕಿ, ಹಿಂದ ಇಲಾಸ್ಟಿಕ್ ಕೂಡಿಸ್ಯಾಳ! ತಲಿ ಮ್ಯಾಲಿಂದ ಇಳಿಸಿಬಿಟ್ರ ಮುಗೀತು. ಕೇಳಿದ್ರ, 'ಮುಂಜಾನೆ ಟೈಮ್ ಉಳೀತೈತ್ರಿ ಟೀಚರ್' ಅಂದ್ಲು. ಆಕಿ ನನ್ನ ಕೈಯಾಗ ಕಲಿತ ಹುಡುಗೀನ. ಇಪ್ಪತ್ತಾರು ವರ್ಷ ಗೈಡ್ಸ್ (ಸ್ಕೌಟ್ಸ್‌ನಾಗಿನ ಹುಡುಗ್ಯಾರ ದಳ) ಕ್ಯಾಪ್ಟನ್ ಆಗಿ ನಾ ಕಲಿಸಿದ್ದು ಇದನ್ನೇನು?

ಸ್ಕಾರ್ಫ್ ಅಂದ್ರ ಕೊರಳಿನ ಅಲಂಕಾರ ಅಂತ ತಿಳಕೊಂಡವರಿಗೆ ಒಂದು ಮಾತು ಹೇಳ್ತೀನಿ. ಒಂದು ವರ್ಷ ಕೊಪ್ಪಳದ ಗವಿಮಠದ ಜಾತ್ರಿಗೆ ನಮ್ಮ ಹುಡುಗ್ಯಾರನ್ನ ನೀರು ಕೊಡೋ ಸೇವೆಗೆ ಕರಕೊಂಡು ಹೋಗಿದ್ದೆ. ತೇರಿನ ಹೊತ್ತಿಗೆ ನೂಕುನುಗ್ಗಲದಾಗ ಒಬ್ಬ ಸಣ್ಣ ಹುಡುಗ ಬಿದ್ದ, ಮುಂಗೈ ನೋಡನೋಡ್ತ ಬಾತು ಬಂತು. ಎಂಟನೆತ್ತಿ ಹುಡುಗಿ ಒಬ್ಬಾಕಿ ವಾಗಲ್ (ಸ್ಕಾರ್ಫಿನ ಎರಡು ತುದಿ ಕೊರಳ ಮುಂದ ಕೂಡಿಸಿ ಹಿಡಿಯೋ ಉಂಗುರ) ಜಗ್ಗಿ, ಸ್ಕಾರ್ಫ್ ಝಾಡಿಸಿ ಬಿಡಿಸಿ, ಜೋಳಿಗಿ ಮಾಡಿ ಆ ಕೈ ಕಟ್ಟೇಬಿಟ್ಲು. ಎಡದ ತುದಿ ಬಲದ ಮ್ಯಾಲೆ, ಆಮ್ಯಾಲೆ ಬಲದ್ದು ಎಡದ ಮ್ಯಾಲೆ. ರೀಫ್ ಗಂಟು ಅಂತೀವಲ್ಲ, ಅದು ಚಪ್ಪಟಿ ಕೂಡ್ತೈತಿ, ಕೊರಳಿಗೆ ಒತ್ತೋದಿಲ್ಲ. ಮೂರು ಮೂಲಿ ಸ್ಕಾರ್ಫಿನ ಎರಡು ಸಣ್ಣ ಬದಿ 70ರಿಂದ 80 ಸೆಂಟಿಮೀಟರ್ ಇರಬೇಕು ಅನ್ನೋದು ಚಂದಕ್ಕಲ್ಲ, ಇಂಥಾದ್ದಕ್ಕ. ಆವತ್ತು ಅದಕ್ಕ ಹೊಲಿಗಿ ಹಾಕಿದ್ರ, ಆ ಹುಡುಗಿ ಏನು ಕತ್ತರಿ ಹುಡುಕ್ತಾ ಹೋಗಬೇಕಾಗಿತ್ತೇನು?

ಒಂದು ಸಲ ಜಗ್ಗಿದ್ರ ಸ್ಕಾರ್ಫ್ ಬಿಚ್ಚಬೇಕು, ಜಗ್ಗೋತನಕ ಅಲ್ಲಾಡಬಾರದು. ಇದು ದಾರದಿಂದ ಆಗೋ ಕೆಲಸ ಅಲ್ಲ, ಗಂಜಿಯಿಂದ ಆಗೋದು.

ಮೊದಲು ಸ್ಕಾರ್ಫ್ ಹತ್ತಿ ಬಟ್ಟಿದು ಇರಲಿ. ಮಿಂಚೋ ಪಾಲಿಸ್ಟರಿಗೆ ಗಂಜಿ ಹಿಡಿಯೋದಿಲ್ಲ. ಅನ್ನ ಬಸಿಯುವಾಗ ಉಪ್ಪು ಹಾಕೋಕಿಂತ ಮೊದಲ ಒಂದು ಬೋಗುಣಿ ಗಂಜಿ ತಗದಿಡ್ರಿ. ಉಪ್ಪಿನ ಗಂಜಿ ಹಾಕಿದ್ರ ಅರಿವಿ ಥಂಡಿ ಎಳಕೊಂಡು ಮೆತ್ತಗಾಗ್ತೈತಿ. ನಾವು ಗಂಗಾವತಿಯವರು, ಸೋನಾಮಸೂರಿ ಬೆಳಿಯೋ ಊರಾಗ ಇದ್ದು ಅಂಗಡಿಯಿಂದ ಗಂಜಿ ಪುಡಿ ತರೋದು ನೋಡಿದ್ರ ಹೊಟ್ಟಿ ಉರೀತೈತಿ ನನಗ. ಈಗಂತೂ ಮನಿಮನ್ಯಾಗ ಕುಕ್ಕರ್ ಸೀಟಿ ಹೊಡಸ್ತೀರಿ, ಬಸಿಯೋದ ಮರ್ತೀರಿ. ತಿಂಗಳಿಗೊಮ್ಮೆ ಆದ್ರೂ ಅನ್ನ ಬಸೀರಿ. ಹೊಸ ಅಕ್ಕಿದು ಆದ್ರ ಗಂಜಿ ಗಟ್ಟಿ, ನೀರು ಜಾಸ್ತಿ ಹಾಕ್ರಿ. ಹಳೇದು ತೆಳ್ಳಗ, ಕಡಿಮಿ ಸಾಕು. ತೆಳ್ಳನ ಬಟ್ಟ್ಯಾಗ ಸೋಸಿ, ಎರಡು ಬೆರಳು ಅದ್ದಿ ತಿಕ್ಕಿ ನೋಡ್ರಿ. ಬೆರಳು ಜಾರಬೇಕು, ಬಿಡಿಸಿದ್ರ ಎಳೆ ಬರಬಾರದು. ಎಳೆ ಬಂತಂದ್ರ ಇನ್ನೊಂದು ತಂಬಿಗಿ ನೀರು. ಆ ನೀರು ಬೋರಿಂದಲ್ಲ, ನಳದ್ದು. ಬೋರಿನ ಸವಳು ನೀರು ಬಣ್ಣದ ಬಟ್ಟಿ ಮ್ಯಾಲೆ ಬಿಳಿ ಬಿಳಿ ಕಲಿ ಬಿಡ್ತೈತಿ.

ಸ್ಕಾರ್ಫ್ ಆ ಗಂಜ್ಯಾಗ ಅದ್ದಿ ತಗದ ಮ್ಯಾಲೆ ಹಿಂಡಬ್ಯಾಡ್ರಿ. ಅಂಗೈಯಾಗ ಒತ್ತಿ ನೀರು ತಗೀರಿ. ಒಣ ಹಾಕೋದ್ರಾಗ ಎಲ್ಲಾರೂ ತಪ್ಪೋದು. ಚೌಕ ಬಟ್ಟಿ ಮೂಲಿಯಿಂದ ಮೂಲಿಗೆ ಕತ್ತರಿಸಿದಾಗ ಆ ಉದ್ದನ ಅಂಚು ಅಡ್ಡೆಳಿ ಆಗಿರ್ತೈತಿ, ಜಗ್ಗಿದಷ್ಟೂ ಹಿಗ್ಗತೈತಿ. ಅದರ ಎರಡು ತುದಿಗೆ ಕ್ಲಿಪ್ ಹಚ್ಚಿ ಹಗ್ಗಕ್ಕ ತೂಗುಬಿಟ್ರ ನಡುವು ಜೋತು ಬಿದ್ದು, ಮತ್ತ ಜನ್ಮದಾಗ ಸಮ ಕೂಡೋದಿಲ್ಲ. ಎರಡು ಸಣ್ಣ ಬದಿಯಾಗ ಯಾವದಾರ ಒಂದು ಬದಿನ ಹಗ್ಗದ ಮ್ಯಾಲೆ ಹಾಕಿ, ನೆಳ್ಳಾಗ ಬಿಡ್ರಿ. ಇನ್ನೂ ಚೂರು ಹಸಿ ಇದ್ದಾಗಲೇ ಇಸ್ತ್ರಿ. ಅದೂ ಸಣ್ಣ ಬದಿಗುಂಟ, ನೂಲು ಹೋದ ಕಡೆ. ಉದ್ದನ ಅಂಚಿನ ಮ್ಯಾಲೆ ಇಸ್ತ್ರಿ ಎಳೀಬ್ಯಾಡ್ರಿ, ಒತ್ತಿ ಎತ್ರಿ, ಒತ್ತಿ ಎತ್ರಿ. ನಮ್ಮವ್ವನ ಹಂತೇಕ ಇಸ್ತ್ರಿ ಇರಲಿಲ್ಲ. ತಾಮ್ರದ ತಂಬಿಗ್ಯಾಗ ನಿಗಿನಿಗಿ ಕೆಂಡ ತುಂಬಿ, ಬಾಯಿಗೆ ಬಟ್ಟಿ ಸುತ್ತಿ ಹಿಡಕೊಂಡು ತಿಕ್ಕತಿದ್ಲು. ನನ್ನ ಮೊದಲನೇ ಸ್ಕಾರ್ಫಿನ ಮೂಲ್ಯಾಗ ಒಂದು ಕಂದು ಕಲಿ ಕಡಿತನಕ ಇತ್ತು.

ಹಂಗ ಇಲ್ಲೇ ಹೇಳಿಬಿಡ್ತೀನಿ, ಗಂಜಿ ಉಳೀತು ಅಂತ ಇಳಕಲ್ ಸೀರಿ ಪೂರ್ತಿ ಮುಳುಗಿಸಬ್ಯಾಡ್ರಿ. ಒಡಲು ಹತ್ತಿದಿದ್ರ ಹಾಕ್ರಿ, ಸೆರಗು ರೇಷ್ಮಿದು, ಹೊರಗ ಹಿಡೀರಿ. ನಮ್ಮ ಸೊಸಿ ಅದನ್ನೂ ಮಾಡಿ ಕುಂತಾಳ.

ಈಗ ಸುತ್ತೋದು. ಒಬ್ಬರ ಕೈಲೆ ಆಗೋದಿಲ್ಲ, ಮನ್ಯಾಗ ಯಾರನ್ನಾರ ಕೂಡಿಸ್ಕೋರಿ. ಸ್ಕಾರ್ಫನ್ನ ಟೇಬಲ್ ಮ್ಯಾಲೆ ಹಾಸಿ, ಉದ್ದನ ಅಂಚು ನಿಮ್ಮ ಹೊಟ್ಟಿ ಕಡೆ, ತುದಿ ಆಕಡೆ. ಎರಡೂ ಕಡೆಯವರು ಒಂದ ಸಲ, ಹೆಬ್ಬೆರಳಿನ ದಪ್ಪಕ್ಕ, ಬೀಡಿ ಸುತ್ತಿದಂಗ ಬಿಗಿಯಾಗಿ ಸುತ್ತಗೋಂತ ಹೋಗ್ರಿ. ಒಬ್ಬರು ಅವಸರ ಮಾಡಿದ್ರ ಹುರಿ ಬೀಳ್ತೈತಿ, ಬಿಚ್ಚಿ ಮತ್ತ ಮೊದಲಿಂದ. ನಾ ಎಂಟು ಸಲ ಬಿಚ್ಚಿಸೀನಿ ನಮ್ಮ ಮೊಮ್ಮಗನ ಕೈಲೆ, ಕಣ್ಣಾಗ ನೀರು ಬಂದ್ರೂ ಬಿಟ್ಟಿಲ್ಲ. ಅಂಗೈಯಷ್ಟು ತ್ರಿಕೋನ ಉಳಿದಾಗ ನಿಲ್ಲಿಸ್ರಿ, ಬೆನ್ನಿನ ಮ್ಯಾಲೆ ಅದೇ ಕಾಣೋದು. ರಾತ್ರಿ ಹಂಗೇ ಉದ್ದಕ್ಕ ಗಾದಿ ಕೆಳಗ ಇಡ್ರಿ. ಮುಂಜಾನೆ ವಾಗಲ್ ಏರಿಸಿದ್ರ ಸಂಜಿತನಕ ಒಂದು ಎಳಿ ಸರಿಯೋದಿಲ್ಲ. ಕಾಲರಿನ ಮ್ಯಾಲೋ ಕೆಳಗೋ ಅಂತ ಜಗಳ ಬ್ಯಾಡ, ದಳದವರೆಲ್ಲ ಒಂದ ನಮೂನಿ ಹಾಕಿದ್ರಾತು.

ಅಂಗಿ ವಿಷಯ ಭಾಳ ಇಲ್ಲ. ಸ್ಟೀಲ್ ಗ್ರೇ ಅಂಗಿ, ನೇವಿ ಬ್ಲೂ ಚಡ್ಡಿ ಇಲ್ಲಾ ಪ್ಯಾಂಟು, ಗುಂಡಿ ಪೂರ್ತಿ ಇರಲಿ. ಸದಸ್ಯತ್ವದ ಹಸಿರು ಬ್ಯಾಡ್ಜ್ ಎಡಗಡೆ ಕಿಸೆದ ನಡುವ, ನೇರಳೆ ಬಣ್ಣದ ವಿಶ್ವ ಸ್ಕೌಟ್ ಬ್ಯಾಡ್ಜ್ ಬಲಗಡೆ. ಅದಲುಬದಲು ಮಾಡಿ ಹೊಲಿದವರನ್ನೂ ಕಂಡೀನಿ, ತಲಿಕೆಳಗ ಹೊಲಿದವರನ್ನೂ ಕಂಡೀನಿ. ಆ ಹಸಿರು ಬ್ಯಾಡ್ಜಿನಾಗ ಹುಡುಗರ ಲಿಲ್ಲಿ ಹೂವು, ಹುಡುಗ್ಯಾರ ಮೂರೆಲಿ, ನಡುವ ಅಶೋಕ ಚಕ್ರ ಮೂರೂ ಅದಾವು. 1950ರ ನವೆಂಬರ್ 7ಕ್ಕ ದೇಶದಾಗಿನ ಬ್ಯಾರೆ ಬ್ಯಾರೆ ಸ್ಕೌಟ್ ಸಂಘ ಕೂಡಿ ಒಂದಾದ್ವು, ಮರುವರ್ಷ ಆಗಸ್ಟ್ 15ಕ್ಕ ಗೈಡ್ಸ್ ಬಂದು ಸೇರಿದ್ರು. ಅಷ್ಟೆಲ್ಲ ಕೂಡಿ ಬಂದದ್ದನ್ನ ಫೆವಿಕಾಲ್ ಹಚ್ಚಿ ಅಂಟಸ್ತೀರಲ್ಲ! ಸವೆದ ಸೋಪಿನ ಚೂರಿಲೆ ಕಿಸೆ ಮ್ಯಾಲೆ ಮೂಲಿಯಿಂದ ಮೂಲಿಗೆ ಎರಡು ಗೆರಿ ಎಳೀರಿ, ಕೂಡಿದಲ್ಲೇ ನಡುವು. ಕಿಸೆದೊಳಗ ಒಂದು ರಟ್ಟು ತೂರಿಸಿ ಹೊಲೀರಿ, ಇಲ್ಲಾಂದ್ರ ಕಿಸೆನೂ ಕೂಡೇ ಹೊಲಿದು ಹೋಗ್ತೈತಿ. ದಾವಣಗೆರೆ ಕಡೆ ಕೊಂಡಜ್ಜಿ ಶಿಬಿರದಾಗ ತಪಾಸಣಿ ಹೊತ್ತಿಗೆ ನನ್ನ ಬ್ಯಾಡ್ಜಿನಿಂದ ಒಂದು ದಾರ ಜೋತಾಡ್ತಿತ್ತು. ನಮ್ಮ ಕ್ಯಾಪ್ಟನ್ ಬಾಯಿ ಬಿಡಲಿಲ್ಲ, ಆ ದಾರ ಎರಡು ಬೆರಳಿಲೆ ಹಿಡಿದು ನನ್ನ ಮುಖ ನೋಡಿ ಮುಂದ ಹೋದ್ರು. ಬೈದಿದ್ರ ಮರೀತಿದ್ದೆ.

ಸೆಪ್ಟೆಂಬರ್ 17 ಸನೇಕ ಬಂತು. 1948ರಾಗ ನಿಜಾಮನ ಆಳ್ವಿಕಿ ಮುಗದ ದಿನ ಅಂತ ನಮ್ಮ ಕೊಪ್ಪಳ, ರಾಯಚೂರು ಕಡೆ ಆವತ್ತೂ ಧ್ವಜ ಏರ್ತೈತಿ. ಮಳಿಗಾಲ ಇನ್ನೂ ಮುಗದಿರೋದಿಲ್ಲ, ಗಂಜಿ ಹಾಕಿದ ಬಟ್ಟಿ ತಡವಾಗಿ ಒಣಗಿದ್ರ ವಾಸನಿ ಹಿಡೀತೈತಿ. ಹಿಂದಿನ ದಿನ ಸಂಜಿಗಲ್ಲ, ಎರಡು ದಿನ ಮೊದಲ ಮುಂಜಾನೆ ಹಾಕ್ರಿ. ಬೋಗುಣ್ಯಾಗ ನೀರು ಬೆರೆಸದ ಗಂಜಿ ಉಳಿದಿದ್ರ ಚಲ್ಲಬ್ಯಾಡ್ರಿ. ಈಗ ಅದಕ್ಕ ಉಪ್ಪು ಹಾಕಿ, ಮಜ್ಜಿಗಿ ಬೆರೆಸಿ, ಸುತ್ತಾಕ ಕುಂತ ಹುಡುಗಗ ಕೊಡ್ರಿ.