ಹಾರೆಯ ಸರದಿ ಕೊನೆಗೆ: ಕಶಾಯ ಸೀಮೆಯಲ್ಲಿ ನಾವು ಕೆಲಸ ಮಾಡುವ ಕ್ರಮ

ಕ್ಯಾಲಿಫೋರ್ನಿಯಾದ ಸೊನೋಮಾ ಕರಾವಳಿಯ ಫೋರ್ಟ್ ರಾಸ್ ಎಂದರೆ ಪ್ರವಾಸಿಗರಿಗೆ ರಷ್ಯನ್ ಕೋಟೆ. 1812ರಲ್ಲಿ ರಷ್ಯನ್-ಅಮೆರಿಕನ್ ಕಂಪನಿ ಕಡಲ ನೀರುನಾಯಿಯ ತುಪ್ಪಳಕ್ಕಾಗಿ ಇಲ್ಲಿ ಠಾಣೆ ಹೂಡಿತು, ಅಲಾಸ್ಕಾದ ಮೂಲನಿವಾಸಿ ಬೇಟೆಗಾರರನ್ನು ಕರೆತಂದಿತು, 1841ರಲ್ಲಿ ಮಾರಿ ಹೊರಟುಹೋಯಿತು. ಈ ಕರಾವಳಿಯ ಮೂಲನಿವಾಸಿ ಬುಡಕಟ್ಟಾದ ಕಶಾಯ ಪೋಮೊ ಜನರಿಗೆ ಅದು ಮೆಟಿನಿ. ರಷ್ಯನ್ನರು ಬರುವ ಮೊದಲೂ ಅವರು ಅಲ್ಲಿದ್ದರು, ಈಗಲೂ ಆ ಸೀಮೆಯಲ್ಲೇ ಇದ್ದಾರೆ. ಬರ್ಕ್‌ಲಿ ವಿಶ್ವವಿದ್ಯಾಲಯದ ಪುರಾತತ್ವಜ್ಞ ಕೆಂಟ್ ಲೈಟ್‌ಫುಟ್ ಅವರ ತಂಡ, ರಾಜ್ಯದ ಉದ್ಯಾನ ಇಲಾಖೆ ಮತ್ತು ಕಶಾಯ ಹಿರಿಯರು 1980ರ ದಶಕದ ಕೊನೆಯಿಂದ ಸೇರಿ ಇಲ್ಲಿ ಪುರಾತತ್ವ ಶೋಧಕ್ಕೆ ಒಂದು ಕೆಲಸದ ಕ್ರಮವನ್ನು ಕಟ್ಟಿದರು. ಪುರಾತತ್ವಜ್ಞೆ ಸಾರಾ ಗೊನ್ಸಾಲೆಸ್ ಅದನ್ನು ಇನ್ನಷ್ಟು ಹದಗೊಳಿಸಿದರು. ಈ ಕರಾವಳಿಯಲ್ಲಿ ನಾವು ಪಾಲಿಸುವುದೂ ಅದನ್ನೇ: ನೆಲಕ್ಕೆ ಕಡಿಮೆ ಗಾಯ ಮಾಡುವ ಕೆಲಸ ಮೊದಲು, ಪ್ರತಿ ಹಂತ ಮುಗಿದಾಗಲೂ ಬುಡಕಟ್ಟಿನವರ ಮಾತು ಕೇಳಿಯೇ ಮುಂದಿನದು.

ಪ್ರಶ್ನೆಗಳನ್ನೆಲ್ಲ ಮೊದಲೇ ತೀರ್ಮಾನಿಸಿಕೊಂಡು ಒಪ್ಪಿಗೆ ಕೇಳಲು ಹೋಗಬಾರದು. ಬುಡಕಟ್ಟಿನ ಮಂಡಳಿಗೆ ಒಂದು ಪುಟದ ಪತ್ರ ಸಾಕು: ಯಾವ ಜಾಗ, ಯಾವ ಉಪಕರಣ, ಎಷ್ಟು ಆಳ, ಸಿಕ್ಕಿದ ವಸ್ತು ಎಲ್ಲಿಗೆ ಹೋಗುತ್ತದೆ. ಏನನ್ನು ತಿಳಿಯಬೇಕು ಎಂಬುದನ್ನು ಕೂತು ಮಾತಾಡಿಯೇ ಗೊತ್ತುಮಾಡಿಕೊಳ್ಳುತ್ತೇವೆ. ಮಂಡಳಿಯ ಸಭೆ ನಮ್ಮ ಕಾಲೇಜಿನ ರಜೆ ನೋಡಿಕೊಂಡು ನಡೆಯುವುದಿಲ್ಲ, ಹಾಗಾಗಿ ಉತ್ತರಕ್ಕೆ ತಿಂಗಳುಗಟ್ಟಲೆ ಬಿಡುವು ಇಟ್ಟುಕೊಂಡೇ ಯೋಜನೆ ಹಾಕಬೇಕು. ಹಿರಿಯರ ಮತ್ತು ನಿಗಾ ನೋಡುವವರ ದಿನಗೂಲಿ, ಪ್ರಯಾಣದ ಖರ್ಚು ಅನುದಾನದ ಅರ್ಜಿಯಲ್ಲೇ ಇರಬೇಕು. ಆಮೇಲೆ ಸೇರಿಸುತ್ತೇವೆ ಎಂದವರ ಬಜೆಟ್ಟಿನಲ್ಲಿ ಅದು ಸೇರಿದ್ದನ್ನು ನಾನು ನೋಡಿಲ್ಲ.

ನೆಲದ ಮೇಲಿನ ಹುಡುಕಾಟಕ್ಕೆ ಒಂದು ಗೂಟ, ಎರಡು ಮೀಟರ್ ಹಗ್ಗ ಸಾಕು. ಗೂಟ ನೆಟ್ಟು ಹಗ್ಗ ಸುತ್ತಿಸಿದರೆ ಸುಮಾರು 12.5 ಚದರ ಮೀಟರಿನ ವೃತ್ತ. ಹುಲ್ಲನ್ನು ಬುಡದವರೆಗೆ ಕತ್ತರಿಸಿ, ಒಳಗಿರುವ ಪ್ರತಿ ಚೂರನ್ನೂ ಎತ್ತಿ ಅಳೆದು, ತೂಗಿ, ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಅದೇ ವೃತ್ತದಲ್ಲಿ ವಾಪಸ್ ಇಡುತ್ತೇವೆ. ಏನನ್ನೂ ಒಯ್ಯುವುದಿಲ್ಲ. ಇದರ ತೊಡಕೆಂದರೆ ಪ್ರಯೋಗಾಲಯದಲ್ಲಿ ಮತ್ತೊಮ್ಮೆ ನೋಡುವ ಅವಕಾಶವಿಲ್ಲ. ಅದಕ್ಕೇ ಎರಡೂ ಮುಖ ಮತ್ತು ಅಂಚಿನ ಫೋಟೊ ಬೇಕು, ಬೆಳಕು ಓರೆಯಾಗಿ ಬೀಳಬೇಕು. ಚೂರುಗಳು ಹೆಚ್ಚಿದ್ದರೆ ಒಂದೇ ವೃತ್ತ ಅರ್ಧ ದಿನ ತಿನ್ನುತ್ತದೆ.

ಇಲ್ಲಿ ಅತಿ ಹೆಚ್ಚು ಎಡವುವುದು ಸೀಸೆಯ ಚೂರುಗಳಲ್ಲಿ. ಒಡೆದ ಬಾಟಲಿಯ ಗಾಜನ್ನು ಇಲ್ಲಿನ ಜನ ಕಲ್ಲಿನ ಉಪಕರಣದಂತೆಯೇ ಕೆತ್ತಿ ಬಳಸುತ್ತಿದ್ದರು. ಆದರೆ ರಷ್ಯನ್ನರ ನಂತರ ಈ ನೆಲ ದನ ಮೇಯಿಸುವ ಜಮೀನಾಯಿತು, ಗೊರಸು ತುಳಿದರೂ ಗಾಜಿನ ಅಂಚು ಮುಕ್ಕಾಗುತ್ತದೆ. ತುಳಿತದ ಮುಕ್ಕುಗಳು ಅಲ್ಲೊಂದು ಇಲ್ಲೊಂದು, ಎರಡೂ ಮುಖಗಳಲ್ಲಿ, ಚಿಕ್ಕದು ದೊಡ್ಡದು ಕಲಸಿಕೊಂಡಂತೆ ಇರುತ್ತವೆ. ಕೈಯಿಂದ ಕೆತ್ತಿದ ಅಂಚಿನಲ್ಲಿ ಒಂದೇ ಅಳತೆಯ ಚಕ್ಕೆಗುರುತುಗಳು ಸಾಮಾನ್ಯವಾಗಿ ಒಂದೇ ಮುಖದಲ್ಲಿ ಸಾಲಾಗಿ, ಒಂದರ ಅಂಚನ್ನು ಇನ್ನೊಂದು ಕೊಂಚ ತಿಂದಂತೆ ಬರುತ್ತವೆ. ಅನುಮಾನ ಬಂದರೆ 'ಕೆತ್ತಿದ್ದು' ಎಂದು ಬರೆಯುವುದಿಲ್ಲ. ರಷ್ಯನ್ನರ ಸೀಸೆಯಿಂದ ಕಶಾಯ ಕೈ ಮಾಡಿಕೊಂಡ ಉಪಕರಣ ಒಂದು ಸಂಸ್ಕೃತಿ ಹೊಸ ವಸ್ತುವನ್ನು ತನ್ನ ರೀತಿಗೆ ಒಗ್ಗಿಸಿಕೊಂಡದ್ದಕ್ಕೆ ಸಾಕ್ಷಿ. ಅಂಥ ಸಾಕ್ಷಿಯನ್ನು ಗೊರಸಿನ ಗುರುತಿನೊಂದಿಗೆ ಬೆರೆಸಿ ಹಗುರ ಮಾಡಬಾರದು.

ಮುಂದಿನದು ಯಂತ್ರಗಳ ಸರದಿ. ನೆಲದ ಕಾಂತತೆಯ ಏರುಪೇರು ಅಳೆಯುವ ಮ್ಯಾಗ್ನೆಟೋಮೀಟರನ್ನು 20 ಮೀಟರ್ ಚೌಕದೊಳಗೆ ಅರ್ಧ ಮೀಟರಿಗೊಂದು ಸಾಲಿನಂತೆ ನಡೆಸುತ್ತೇವೆ. ಅದನ್ನು ಹೊತ್ತವರ ಮೈಮೇಲೆ ಬೆಲ್ಟಿನ ಬಕಲ್, ಫೋನ್, ಬೂಟಿನ ಕಬ್ಬಿಣ ಯಾವುದೂ ಇರಬಾರದು. ಹಳೆಯ ಒಲೆಯ ಸುಟ್ಟ ಮಣ್ಣು ನಕ್ಷೆಯಲ್ಲಿ ಮೆದುವಾಗಿ ಹರಡಿದ ಕಲೆಯಾಗಿ ಕಾಣುತ್ತದೆ, ಮೊಳೆಯಾದರೆ ಚೂಪಾದ ಕಪ್ಪು-ಬಿಳಿ ಜೋಡಿ. ಮುಳ್ಳುತಂತಿ ಬೇಲಿಯ ಪಕ್ಕದ ಓದನ್ನು ನಂಬಲಾಗದು. ನೆಲಕ್ಕೆ ಸರಳು ಚುಚ್ಚಿ ಮಣ್ಣಿನ ವಿದ್ಯುತ್ ರೋಧ ಅಳೆಯಲು ಕಡುಬೇಸಿಗೆ ಸಲ್ಲ, ಒಣಗಿದ ಮಣ್ಣಿಗೆ ಸರಳುಗಳು ಸರಿಯಾಗಿ ತಾಗುವುದೇ ಇಲ್ಲ. ನೆಲದೊಳಗೆ ನೋಡುವ ರೇಡಾರ್‌ಗೆ ತದ್ವಿರುದ್ಧ ಸಮಸ್ಯೆ: ಒದ್ದೆ ಜೇಡಿಯಲ್ಲಿ ಅದರ ಅಲೆ ಬೇಗ ಅಡಗಿಹೋಗುತ್ತದೆ. ಎರಡು ಉಪಕರಣಗಳು ಒಂದೇ ಜಾಗವನ್ನು ತೋರಿಸಿದರೆ ಮಾತ್ರ ಅಲ್ಲಿ ಗುರುತು ಹಾಕಿ, ನಕ್ಷೆಯನ್ನು ಹಿರಿಯರ ಮುಂದಿಡುತ್ತೇವೆ. 'ಇಲ್ಲಿ ಬೇಡ' ಎಂದರೆ ಬೇಡ. ಕಾರಣ ಕೇಳುವುದಿಲ್ಲ, ಏಕೆಂದರೆ ಕಾರಣವೇ ಹೊರಗಿನವರಿಗೆ ಹೇಳಬಾರದ ಸಂಗತಿಯಾಗಿರಬಹುದು.

ಅಗೆಯಲು ಒಪ್ಪಿದರೆ, ಒಂದು ಮೀಟರ್ ಚೌಕ, ಸಾಧ್ಯವಾದರೆ ಅದರ ಅರ್ಧ. ಹತ್ತು ಸೆಂಟಿಮೀಟರಿಗಿಂತ ದಪ್ಪದ ಪದರ ತೆಗೆಯುವುದಿಲ್ಲ. ಜರಡಿ ಮೂರು ಮಿಲಿಮೀಟರ್ ಕಣ್ಣಿನದೇ ಆಗಬೇಕು. ಆರು ಮಿಲಿಮೀಟರ್ ಜರಡಿಯಲ್ಲಿ ಗಾಜಿನ ಸಣ್ಣ ಮಣಿಗಳೆಲ್ಲ ಸೋರಿಹೋಗುತ್ತವೆ. ಮೂರರಲ್ಲೂ ಅತಿ ಸಣ್ಣವು ತಪ್ಪುತ್ತವೆ, ಅದಕ್ಕೆ ಪ್ರತಿ ಪದರದಿಂದ ಒಂದಿಷ್ಟು ಮಣ್ಣನ್ನು ಇಡಿಯಾಗಿ ನೀರಿನಲ್ಲಿ ತೊಳೆಯುತ್ತೇವೆ. ಕಾಲ ಗುರುತಿಸಲು ಮಣಿಗಳು ಬಹಳ ನೆರವಾಗುತ್ತವೆ: ಹಸಿರು ಒಳಭಾಗದ ಕೆಂಪು ಮಣಿಗಳು ಹಳೆಯವು, ಬಿಳಿ ಒಳಭಾಗದವು ಹೆಚ್ಚಾಗಿ 1830ರ ದಶಕದ ನಂತರದವು. ಆದರೆ ಬಿಲ ತೋಡುವ ಇಲಿಯಂಥ ಪ್ರಾಣಿ ಗೋಫರ್ ಪದರಗಳನ್ನೆಲ್ಲ ಕಲಸಿಬಿಡುತ್ತದೆ. ಮಣ್ಣಿನ ಬಣ್ಣ ದುಂಡಗೆ ಬದಲಾಗಿ, ಮುಟ್ಟಿದರೆ ಸಡಿಲವಾಗಿದ್ದರೆ ಅದು ಬಿಲ. ಅದರ ಮಣ್ಣನ್ನು ಮೊದಲೇ ಬೇರೆಯಾಗಿ ತೆಗೆದು ಬೇರೆ ಚೀಲಕ್ಕೆ ಹಾಕಬೇಕು.

ಮುಟ್ಟಿನ ಸಮಯದಲ್ಲಿ ಹೆಣ್ಣುಮಕ್ಕಳು ಅಗೆಯುವ ಜಾಗಕ್ಕೆ ಬರಬಾರದು ಎಂಬುದು ಕಶಾಯ ಕಟ್ಟಳೆ. ಕನ್ನಡದ ಓದುಗರಿಗೆ ಇದು ಇರಿಸುಮುರಿಸು ತರಬಹುದು, ನಮ್ಮ ತಂಡದಲ್ಲೂ ಚರ್ಚೆಯಾಗುತ್ತದೆ. ನೆಲ ಅವರದು, ಕಟ್ಟಳೆಯೂ ಅವರದು ಎಂಬುದು ನನ್ನ ನಿಲುವು. ತಂಡಕ್ಕೆ ಸೇರುವ ಮೊದಲೇ ಇದನ್ನು ಎಲ್ಲರಿಗೂ ಹೇಳುತ್ತೇವೆ, ಒಪ್ಪದವರು ಬೇರೆ ಯೋಜನೆ ಆರಿಸಿಕೊಳ್ಳಬಹುದು. ನಕ್ಷೆ ಮತ್ತು ದಾಖಲೆಯ ಕೆಲಸವನ್ನು ಪ್ರತಿದಿನ ತೆರೆದಿಟ್ಟಿರುತ್ತೇವೆ. ಗಂಡಸರು ಹೆಂಗಸರು ಯಾರು ಬೇಕಾದರೂ ಹೆಸರು ಬರೆಸಬಹುದು, ಯಾಕೆಂದು ಯಾರೂ ಕೇಳುವಂತಿಲ್ಲ.

ಮನುಷ್ಯರ ಮೂಳೆ ಕಂಡರೆ ಕರಣೆ ಕೆಳಗಿಡಬೇಕು, ಫೋಟೊ ತೆಗೆಯಬಾರದು. ಕ್ಯಾಲಿಫೋರ್ನಿಯಾ ಕಾನೂನಿನಂತೆ ಕೌಂಟಿಯ ಕೊರೋನರ್‌ಗೆ, ಅಂದರೆ ಸಾವಿನ ಕಾರಣ ತನಿಖೆ ಮಾಡುವ ಅಧಿಕಾರಿಗೆ ತಿಳಿಸಬೇಕು. ಮೂಳೆ ಮೂಲನಿವಾಸಿಗಳದ್ದೆಂದು ಕಂಡುಬಂದರೆ ಕೊರೋನರ್ 24 ಗಂಟೆಯೊಳಗೆ ಮೂಲನಿವಾಸಿ ಪರಂಪರೆ ಆಯೋಗಕ್ಕೆ ತಿಳಿಸುತ್ತಾರೆ. ಆಯೋಗ ಹೆಸರಿಸಿದ ವಂಶಸ್ಥರಿಗೆ ಜಾಗ ನೋಡಲು ಅವಕಾಶ ಸಿಕ್ಕ ಮೇಲೆ ತಮ್ಮ ಅಭಿಪ್ರಾಯ ಹೇಳಲು 48 ಗಂಟೆ. ಕೊರೋನರ್ ಮತ್ತು ಆಯೋಗದ ಫೋನ್ ನಂಬರುಗಳು ಮೊದಲ ದಿನವೇ ಎಲ್ಲರ ಕ್ಷೇತ್ರಪುಸ್ತಕದ ಒಳರಟ್ಟಿನಲ್ಲಿ ಇರಬೇಕು.

ಜಾಗದ ನಿಖರ ಗುರುತು ಹೊರಗೆ ಸೋರುವುದು ಹೆಚ್ಚಾಗಿ ಫೋನಿನಿಂದ. ಕ್ಯಾಮೆರಾದ ಲೊಕೇಶನ್ ಆಫ್ ಮಾಡದೆ ತೆಗೆದ ಒಂದು ಫೋಟೊ ಸಾಕು, ನಿಧಿ ಹುಡುಕುವವರಿಗೆ ದಾರಿ ಸಿಕ್ಕಂತೆ. ನಕ್ಷೆಯ ಕಡತಗಳಲ್ಲಿ ಯಾವುದನ್ನು ಯಾರು ನೋಡಬಹುದು ಎಂಬುದನ್ನು ಒಪ್ಪಂದದಲ್ಲೇ ಬರೆದುಕೊಳ್ಳುತ್ತೇವೆ. ವರದಿಯ ಕರಡು ಸಂಶೋಧನಾ ಪತ್ರಿಕೆಗೆ ಹೋಗುವ ಮೊದಲು ಮಂಡಳಿಗೆ ಹೋಗುತ್ತದೆ, ಅವರು ತೆಗೆಯಿರಿ ಎಂದ ಭಾಗವನ್ನು ತೆಗೆಯುತ್ತೇವೆ.