ಊರಿನ ಗ್ರಂಥಾಲಯವನ್ನು ಊರವರ ಮೊಬೈಲಿಗೆ ತಲುಪಿಸುವುದು ಹೇಗೆ?

ಪಿಡಿಒ ಪರೀಕ್ಷೆಗೆ ಓದುವ ಹುಡುಗಿ ಒಂದು ಪುಸ್ತಕಕ್ಕಾಗಿ ತಾಲ್ಲೂಕು ಕೇಂದ್ರಕ್ಕೆ ಬಸ್ಸು ಹತ್ತುತ್ತಾಳೆ. ಅದೇ ಪುಸ್ತಕ ಅವಳ ಮನೆಯಿಂದ ಎರಡು ಬೀದಿ ಆಚೆ, ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಕಪಾಟಿನಲ್ಲಿ ಇರುತ್ತದೆ. ಅವಳಿಗೆ ಯಾರೂ ಹೇಳಿಲ್ಲ, ಅಷ್ಟೇ. ಹೇಳುವುದಕ್ಕೆ ದೊಡ್ಡ ಖರ್ಚೇನೂ ಬೇಡ, ಒಂದು ಮೊಬೈಲ್ ಮತ್ತು ದಿನಕ್ಕೆ ಹತ್ತು ನಿಮಿಷ ಸಾಕು.

ಮೊದಲು ನಂಬರ್. ಗ್ರಂಥಾಲಯದ ಹೆಸರಿನಲ್ಲೇ ಒಂದು ಸಿಮ್ ಇರಲಿ. ಮೇಲ್ವಿಚಾರಕರ ಸ್ವಂತ ನಂಬರಿನಲ್ಲಿ ಶುರು ಮಾಡಿದರೆ ಅವರು ಕೆಲಸ ಬಿಟ್ಟ ದಿನ ಓದುಗರ ಸಂಪರ್ಕವೂ ತಪ್ಪಿಹೋಗುತ್ತದೆ. ಅದರಲ್ಲಿ ವಾಟ್ಸಾಪ್ ಬ್ಯುಸಿನೆಸ್ ಹಾಕಿಕೊಳ್ಳಿ, ಉಚಿತ. ತೆರೆಯುವ ಹೊತ್ತು, ರಜೆಯ ದಿನ, ವಿಳಾಸ ಎಲ್ಲ ಒಂದೇ ಸಲ ಬರೆದಿಡಬಹುದು. ಬಾಗಿಲು ಮುಚ್ಚಿದ ಮೇಲೆ ಮೆಸೇಜ್ ಬಂದರೆ ‘ನಾಳೆ ಉತ್ತರಿಸುತ್ತೇವೆ’ ಅಂತ ತಾನೇ ಹೇಳುತ್ತದೆ. ಗೂಗಲ್ ಮ್ಯಾಪ್‌ನಲ್ಲೂ ಇದೇ ಸಮಯ ಇದೆಯೇ ನೋಡಿ, ತಪ್ಪಿದ್ದರೆ ಸರಿಪಡಿಸಿ.

ಆಮೇಲೆ ವಾಟ್ಸಾಪ್ ಗ್ರೂಪ್ ಬೇಕೋ ವಾಟ್ಸಾಪ್ ಚಾನೆಲ್ ಬೇಕೋ ಅನ್ನುವ ಪ್ರಶ್ನೆ. ನನ್ನ ಮಾತು ಕೇಳುವುದಾದರೆ ಚಾನೆಲ್. ಗ್ರೂಪಿನಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ. ಕಾಲೇಜು ಹುಡುಗಿಯರು, ಗೃಹಿಣಿಯರು ಈ ಒಂದೇ ಕಾರಣಕ್ಕೆ ಸೇರಲು ಹಿಂಜರಿಯುತ್ತಾರೆ. ಎರಡು ದಿನದಲ್ಲಿ ಗುಡ್ ಮಾರ್ನಿಂಗ್ ಚಿತ್ರ, ರಾಜಕೀಯದ ಫಾರ್ವರ್ಡ್ ಶುರುವಾಗಿ ಪುಸ್ತಕದ ಸುದ್ದಿ ಅಡಿಗೆ ಬೀಳುತ್ತದೆ. 2023ರಲ್ಲಿ ಭಾರತಕ್ಕೆ ಬಂದ ಚಾನೆಲ್‌ನಲ್ಲಿ ಓದುಗರ ನಂಬರ್ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ. ಪೋಸ್ಟ್ ಹಾಕುವುದೂ ಅಡ್ಮಿನ್ ಮಾತ್ರ. ಚಾನೆಲ್‌ನ ಕ್ಯೂಆರ್ ಕೋಡ್ ಮುದ್ರಿಸಿ ಗ್ರಂಥಾಲಯದ ಬಾಗಿಲಿಗೆ, ಹಾಲಿನ ಡೇರಿಗೆ, ಹೈಸ್ಕೂಲಿನ ನೋಟಿಸ್ ಬೋರ್ಡಿಗೆ ಅಂಟಿಸಿ.

ಈಗ ಏನು ಹಾಕಬೇಕು? ಬಹಳ ಕಡೆ ಎಡವುವುದು ಇಲ್ಲೇ. ಗಣ್ಯರಿಗೆ ಹಾರ ಹಾಕಿದ ಫೋಟೊ ಜಾಸ್ತಿ, ಪುಸ್ತಕದ ಫೋಟೊ ಕಡಿಮೆ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಗಳಿಗೆ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ‘ಓದುಗರ ಸಮಯ ಉಳಿಸಿ’ ಅನ್ನುವುದು. ಪೋಸ್ಟ್ ಬರೆಯುವಾಗ ಇದೊಂದು ನೆನಪಿದ್ದರೆ ಸಾಕು. ‘ಜ್ಞಾನವೇ ಬೆಳಕು, ಗ್ರಂಥಾಲಯಕ್ಕೆ ಬನ್ನಿ’ ಅಂತ ಸುಮ್ನೆ ಬರೆದರೆ ಯಾರೂ ಬರುವುದಿಲ್ಲ. ಹೀಗೆ ಬರೆಯಿರಿ:

‘ಕುರಿ ಸಾಕಣೆಯ ಪುಸ್ತಕ ಬಂದಿದೆ. ರೋಗ, ಲಸಿಕೆ, ಮೇವಿನ ಲೆಕ್ಕ ಎಲ್ಲ ಇದೆ. ಎರಡೇ ಪ್ರತಿ. ಬೇಕಾದವರು ಈ ನಂಬರಿಗೆ ಹೆಸರು ಕಳಿಸಿ, ನಾಳೆ ಸಂಜೆವರೆಗೆ ತೆಗೆದಿಡುತ್ತೇವೆ.’

ಜೊತೆಗೆ ಮುಖಪುಟದ ಫೋಟೊ, ಪರಿವಿಡಿಯ ಫೋಟೊ. ಪರೀಕ್ಷೆಗೆ ಓದುವವರು ಮುಖಪುಟಕ್ಕಿಂತ ಪರಿವಿಡಿಯನ್ನೇ ನೋಡುತ್ತಾರೆ, ಅಲ್ವಾ? ಕಿಟಕಿಯ ಬೆಳಕಿನಲ್ಲಿ, ನೆರಳು ಬೀಳದ ಹಾಗೆ ತೆಗೆಯಿರಿ. ಪುಸ್ತಕದ ಹೆಸರನ್ನು ಚಿತ್ರದ ಮೇಲಷ್ಟೇ ಬಿಡದೆ ಕನ್ನಡದಲ್ಲಿ ಟೈಪ್ ಕೂಡ ಮಾಡಿ, ಮುಂದೆ ಹುಡುಕಿದಾಗ ಸಿಗಬೇಕು. ಇಡೀ ಪುಸ್ತಕ ಸ್ಕ್ಯಾನ್ ಮಾಡಿ ಪಿಡಿಎಫ್ ಹಂಚಬೇಡಿ. ನಮ್ಮಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆಯುವವರೆಗೂ ಹಕ್ಕುಸ್ವಾಮ್ಯ ಇರುತ್ತದೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಪುಸ್ತಕ ಹಿಂದಿರುಗಿಸದವರ ಹೆಸರಿನ ಪಟ್ಟಿಯನ್ನು ಎಲ್ಲರ ಮುಂದೆ ಹಾಕಲೇಬೇಡಿ. ಯಾರು ಯಾವ ಪುಸ್ತಕ ಒಯ್ದರು ಅನ್ನುವುದು ಅವರ ಸ್ವಂತ ವಿಷಯ, ಊರಿಗೆಲ್ಲ ತಿಳಿಯಬೇಕಾದ್ದಲ್ಲ. ಒಮ್ಮೆ ಮರ್ಯಾದೆ ಹೋಯಿತು ಅನ್ನಿಸಿದರೆ ಅವರು ಮತ್ತೆ ಬರುವುದಿಲ್ಲ, ಮಕ್ಕಳನ್ನೂ ಕಳಿಸುವುದಿಲ್ಲ. ನೆನಪಿಸಬೇಕಿದ್ದರೆ ಅವರೊಬ್ಬರಿಗೇ ಮೆಸೇಜ್ ಮಾಡಿ. ಮಕ್ಕಳ ಫೋಟೊಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಸಿಗದಿದ್ದರೆ ಮಕ್ಕಳು ಬಿಡಿಸಿದ ಚಿತ್ರವನ್ನೋ, ಪುಸ್ತಕ ಹಿಡಿದ ಕೈಯನ್ನೋ ತೋರಿಸಿದರಾಯಿತು.

ವಾರಕ್ಕೆ ಎರಡು ಮೂರು ಪೋಸ್ಟ್ ಸಾಕು, ಆದರೆ ತಪ್ಪಬಾರದು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಆಮೇಲೆ ನೋಡಿಕೊಳ್ಳಬಹುದು. ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹದಲ್ಲಿ ಮಾತ್ರ ದಿನಕ್ಕೊಂದು ಹಾಕಿ, ಕಥೆ ಓದುವ ಕಾರ್ಯಕ್ರಮ ಇದ್ದರೆ ಹಿಂದಿನ ದಿನವೇ ತಿಳಿಸಿ.

ಲೈಕ್ ಎಣಿಸುತ್ತಾ ಕೂರಬೇಡಿ. ಹೊಸಬರು ಬಂದಾಗ ‘ಹೇಗೆ ಗೊತ್ತಾಯಿತು?’ ಅಂತ ಕೇಳಿ, ವಾಟ್ಸಾಪ್ ಅಂದರೆ ಹಾಜರಿ ಪುಸ್ತಕದಲ್ಲಿ ಅವರ ಸಹಿಯ ಪಕ್ಕ ‘ವಾ’ ಅಂತ ಬರೆದಿಡಿ. ತಿಂಗಳ ಕೊನೆಗೆ ಯಾವ ಪೋಸ್ಟ್ ಹಾಕಿದ ಮರುದಿನ ‘ವಾ’ ಜಾಸ್ತಿ ಇದೆ ನೋಡಿ, ಮುಂದಿನ ತಿಂಗಳು ಅಂಥದ್ದನ್ನೇ ಹೆಚ್ಚು ಹಾಕಿ.