ಟೂಲ್ ಕೊನೆಗೆ, ಮನುಷ್ಯ ಮೊದಲು: ವೆಬ್‌ಸೈಟ್ ಟೆಸ್ಟಿಂಗ್‌ನಲ್ಲಿ ನನ್ನ ಅನುಭವ

ಕಣ್ಣು ಕಾಣದವರು ಒಂದು ವೆಬ್‌ಸೈಟನ್ನು ಬಳಸಬಹುದಾ ಅಂತ ಟೆಸ್ಟ್ ಮಾಡಿ ಹೇಳುವುದು ನನ್ನ ಕೆಲಸ. "ಸೈಟಿಗೆ ತಾನೇ ಅಂಕ ಕೊಡುವ ಲೈಟ್‌ಹೌಸ್ ಟೂಲ್ ನೂರಕ್ಕೆ ನೂರು ಕೊಟ್ಟಿದೆ, ಇನ್ನೇನು ಟೆಸ್ಟ್ ಮಾಡ್ತೀರಿ?" ಗಿರಾಕಿಗಳು ಕೇಳುತ್ತಿದ್ದದ್ದೇ ಇದು. ಕಣ್ಣು ಕಾಣದವರನ್ನು ದುಡ್ಡು ಕೊಟ್ಟು ಕೂರಿಸುವುದು ದಂಡ ಅಂತ ನಮ್ಮ ಟೆಸ್ಟರ್‌ಗಳೂ ಹೇಳಿದರು. ಈಗ ಅವರೇ ನನ್ನ ರಿಪೋರ್ಟ್ ಕೇಳಿ ಪಡೆಯುತ್ತಾರೆ.

ಒಂದು ಬಿಲ್ ಕಟ್ಟುವ ಸೈಟು. ವರ್ಷಕ್ಕೆ ಹತ್ತಿರ ಹತ್ತಿರ 40 ಸಾವಿರ ಕೊಟ್ಟು ಓವರ್‌ಲೇ ವಿಜೆಟ್ (ಇಂಥ ದೋಷಗಳನ್ನು ತಾನೇ ಸರಿಮಾಡುತ್ತೇನೆ ಅನ್ನುವ ರೆಡಿಮೇಡ್ ಕೋಡ್) ಹಾಕಿಸಿದ್ದರು. ದೋಷ ಹುಡುಕುವ ಆಕ್ಸ್ ಅನ್ನುವ ಟೂಲ್‌ನಲ್ಲಿ ಒಂದೂ ತಪ್ಪಿಲ್ಲ. ನಾನು ಪರದೆ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಸಾಫ್ಟ್‌ವೇರ್ ಹಾಕಿ, ಪರದೆ ಕಪ್ಪು ಮಾಡುವ ಅದರ ಸ್ಕ್ರೀನ್ ಕರ್ಟನ್ ಎಳೆದು, ಮೌಸ್ ಕಿತ್ತಿಟ್ಟೆ. ಟ್ಯಾಬ್ ಎಷ್ಟು ಒತ್ತಿದರೂ 'ಹಣ ಪಾವತಿಸಿ' ಬರಲೇ ಇಲ್ಲ. ಬರೀ ಡಿವ್‌ಗೆ (ಪುಟದಲ್ಲಿನ ಸಾದಾ ಡಬ್ಬಿ, ನಿಜವಾದ ಬಟನ್ ಅಲ್ಲ) ಕ್ಲಿಕ್ ಕಟ್ಟಿ ಬಟನ್ ಥರ ಬಣ್ಣ ಬಳಿದಿದ್ದರು. ಟೂಲ್‌ಗೆ ಅದು ಸುಮ್ನೆ ಒಂದಿಷ್ಟು ಅಕ್ಷರ, ಅಷ್ಟೇ. ವಿಜೆಟ್ಟಿನ ದುಡ್ಡು ಪೂರ್ತಿ ನೀರುಪಾಲು.

ಆಮೇಲೆ ಹುಟ್ಟಿನಿಂದ ಕಣ್ಣು ಕಾಣದ ಒಬ್ಬರನ್ನು ಕೂರಿಸಿದೆ. ಗಂಟೆಗೆ ಸುಮಾರು 800 ರೂಪಾಯಿ. "ಈ ಬಿಲ್ ಕಟ್ಟಿ ಸರ್" ಅಂದು ಬಾಯಿ ಮುಚ್ಚಿ ಕೂತೆ. ಆಂಡ್ರಾಯ್ಡ್ ಫೋನಿನಲ್ಲಿ ಓದಿ ಹೇಳುವ ಟಾಕ್‌ಬ್ಯಾಕ್‌ನಲ್ಲಿ ಓಟಿಪಿ ಕೇಳಿಸಿಕೊಂಡು ಟೈಪ್ ಮಾಡುವಷ್ಟರಲ್ಲಿ ಸೈಟು ಅವರನ್ನು ಹೊರಗೆ ಹಾಕಿತ್ತು. ಟೈಮರ್ ಮುಗಿಯುತ್ತಿದೆ ಅಂತ ಹೇಳುವ ಸೌಜನ್ಯವೂ ಇಲ್ಲ. ಎರಡು ನಿಮಿಷದ ಆ ರೆಕಾರ್ಡಿಂಗನ್ನೇ ರಿಪೋರ್ಟಿನ ತಲೆಗೆ ಹಾಕಿದೆ. ಅಂಗವಿಕಲರೂ ಸೈಟು ಬಳಸುವಂತಿರಬೇಕು ಅನ್ನುವ ಅಂತರರಾಷ್ಟ್ರೀಯ ಮಾನದಂಡ ಡಬ್ಲ್ಯೂಸಿಎಜಿ 2.2ರ ನಿಯಮದ ನಂಬರುಗಳು ಆಮೇಲೆ. ಮಾಲೀಕರು ಅದನ್ನು ಕೇಳಿದರು, ಅದೇ ವಾರ ರಿಪೇರಿ ಶುರುವಾಯಿತು. ಮೊದಲ ಹತ್ತು ನಿಮಿಷ ಟೆಸ್ಟ್ ಮಾಡುವವರಿಗೆ ನಾನು ಕೊಡುವ ಎರಡು ಕೆಲಸಗಳಿವೆ, ಅರ್ಧ ದೋಷ ಅಲ್ಲೇ ಬೀಳುತ್ತವೆ. ಅವನ್ನು ಇಲ್ಲಿ ಬರೆಯಲ್ಲ, ನನ್ನ ಅನ್ನ ಅದು.

ಒಂದು ಸೈಟಿಗೆ ಈಗ 35-40 ಸಾವಿರ ತಗೊಳ್ತೀನಿ, ಅರ್ಧದ ಹತ್ತಿರ ಟೆಸ್ಟ್ ಮಾಡಿದವರಿಗೇ ಹೋಗುತ್ತದೆ. ಡಿಜಿಟಲ್ ಸೇವೆ ಸಿಗುವುದು 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿತಲ್ವಾ, ಆಮೇಲೆ ಫೋನು ಜಾಸ್ತಿಯಾಗಿದೆ.

ಕನ್ನಡ ಸೈಟುಗಳಲ್ಲಿ ಬೇರೆಯೇ ಕಾಟ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫಾಂಟಿನ ಪಿಡಿಎಫ್ ಕಣ್ಣಿಗೆ ಅಚ್ಚುಕಟ್ಟು, ಎನ್‌ವಿಡಿಎ ಓದಿದರೆ ಅರ್ಥವಿಲ್ಲದ ರೋಮನ್ ಅಕ್ಷರ. ಯೂನಿಕೋಡ್‌ಗೆ ಬದಲಿಸಿ, ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಲೇಬೇಕು. ಇನ್ನೊಂದು ಪ್ರಯೋಗವನ್ನು ಸುಮ್ನೆ ಕುತೂಹಲಕ್ಕೆ ಮಾಡಿದ್ದೆ. ಫೈರ್‌ಫಾಕ್ಸ್‌ನಲ್ಲಿ ಬರೀ ಅಕ್ಷರವನ್ನು 200% ದೊಡ್ಡದು ಮಾಡಿದೆ. ಬಟನ್ನಿನ ಎತ್ತರ ಪಿಕ್ಸೆಲ್‌ನಲ್ಲಿ ಬಿಗಿದಿದ್ದರು, ಒತ್ತಕ್ಷರ ಕತ್ತರಿಸಿ ಹೋಯಿತು. 'ಸಲ್ಲಿಸಿ' ಅನ್ನೋದು 'ಸಲಿಸಿ' ಆಗಿ ನಿಂತಿತ್ತು. ಈಗ ಪ್ರತಿ ಕನ್ನಡ ಸೈಟಿಗೂ ಇದನ್ನು ಮಾಡುತ್ತೇನೆ, ಇದಕ್ಕೆ ಬೇರೆ ದುಡ್ಡು ಕೇಳಲ್ಲ.